ದಾರಿ ತಾನೇ ಹೇಳಲಿ
(ಸ್ವಸಹಾಯ ಸಂಘಗಳ ಮಾಸಿಕ ಸಭೆಯಲ್ಲಿ ಓದಿ ಚರ್ಚಿಸಲು ಒಂದು ಪಾಠ)



ಉಳಿತಾಯ, ಸಾಲ, ಕಂತು, ಲೆಕ್ಕದ ಪುಸ್ತಕ – ಇವು ನಮ್ಮ ಸಭೆಯಲ್ಲಿ ಪ್ರತಿ ಸಲ ಬರುವ ವಿಷಯಗಳು. ಈ ಸಲ ನಾವು ಬಸ್ ಸ್ಟ್ಯಾಂಡಿಗೂ ರೈಲ್ವೆ ಸ್ಟೇಶನ್ನಿಗೂ ಹೋಗಿ ಬರೋಣ. ಅಲ್ಲಿ ನಮ್ಮ ಮನೆಯ ಅಜ್ಜ-ಅಜ್ಜಿ, ಕಣ್ಣು ಕಾಣದ ತಮ್ಮ, ಕಿವಿ ಕೇಳದ ತಂಗಿ, ಕಾಲಿಗೆ ಬಲವಿಲ್ಲದ ಅಕ್ಕ ತಮ್ಮ ದಾರಿಯನ್ನು ಹೇಗೆ ಕಂಡುಕೊಳ್ಳುತ್ತಾರೆ ಎಂದು ನೋಡೋಣ.

ಈ ಪಾಠದ ಉದ್ದೇಶ ಮೂರು:
• ನಿಲ್ದಾಣದಲ್ಲಿ ಯಾರಿಗೆ ಯಾವ ಅಡ್ಡಿ ಇದೆ ಎಂದು ಗುರುತಿಸುವುದು.
• ದಾರಿ ತೋರಿಸುವ ವ್ಯವಸ್ಥೆ ಎಂದರೆ ಏನು, ಅದರ ಬಗ್ಗೆ ಕಾನೂನು ಏನು ಹೇಳುತ್ತದೆ ಎಂದು ತಿಳಿಯುವುದು.
• ನಮ್ಮ ಸಂಘದಿಂದ ಏನು ಮಾಡಬಹುದು ಎಂದು ನಿರ್ಧರಿಸುವುದು.

1. ಕಣ್ಣು ತೋರಿಸಲು ಹೊರಟ ಅಜ್ಜಿ

ನಮಗೆ ಪರಿಚಯದ ಒಬ್ಬ ಸದಸ್ಯೆಯ ಅತ್ತೆಗೆ ಎಪ್ಪತ್ತು ದಾಟಿದೆ. ಕಣ್ಣಿಗೆ ಪೊರೆ ಬಂದಿದೆ. ದೊಡ್ಡ ಆಸ್ಪತ್ರೆಯಲ್ಲಿ ತೋರಿಸಲು ಒಂದು ದಿನ ಗೊತ್ತಾಗಿತ್ತು. ಸೊಸೆಗೆ ಅಂದು ಕೆಲಸ ಬಿಡಲು ಆಗಲಿಲ್ಲ. "ನಾನೇ ಹೋಗಿ ಬತ್ತೆ, ಎಷ್ಟು ಸಲ ಹೋದ ದಾರಿ" ಎಂದು ಅಜ್ಜಿ ಒಬ್ಬರೇ ಹೊರಟರು. ನಡುವೆ ಒಂದು ಬಸ್ ಸ್ಟ್ಯಾಂಡಿನಲ್ಲಿ ಇಳಿದು ಬಸ್ಸು ಬದಲಿಸಬೇಕಿತ್ತು.

ಅಲ್ಲಿ ನಾಲ್ಕಾರು ಬಸ್ಸು ಸಾಲಾಗಿ ನಿಂತಿದ್ದವು. ಅವರಿಗೆ ಬೋರ್ಡು ಮಸುಕು ಮಸುಕು. ಹತ್ತಿರ ಹೋಗಿ ನೋಡಿದರೂ ಅಕ್ಷರ ಕೂಡಿಸಿ ಓದುವಷ್ಟು ಹೊತ್ತಿಗೆ ಬಸ್ಸು ಹೊರಡುತ್ತದೆ. ಒಬ್ಬ ಹುಡುಗನನ್ನು ಕೇಳಿದರು: "ತಮಾ, ಆಸ್ಪತ್ರೆ ಬದಿ ಹೋಗೂ ಬಸ್ಸು ಯಾವ್ದೋ?" ಅವನು ಮೊಬೈಲಿನಿಂದ ತಲೆ ಎತ್ತದೆ "ಅದೇ ಅಲ್ಲಿ ನಿಂತದಲ ಅಜ್ಜಿ" ಎಂದು ಕೈ ಬೀಸಿದ. "ಅಲ್ಲಿ" ಎಂದರೆ ಎಲ್ಲಿ? ಅಜ್ಜಿ ಹತ್ತಿದ್ದು ಪಕ್ಕದ ಬಸ್ಸು. ಟಿಕೇಟು ಕೊಡುವ ಹೊತ್ತಿಗೆ ಬಸ್ಸು ಊರು ದಾಟಿತ್ತು. ಒಂದು ಕ್ರಾಸಿನಲ್ಲಿ ಇಳಿಸಿದರು. ಬಿಸಿಲಿನಲ್ಲಿ ನಿಂತು, ವಾಪಸು ಬಸ್ಸು ಹಿಡಿದು ಮನೆಗೆ ಬರುವಾಗ ಮಧ್ಯಾಹ್ನ ಕಳೆದಿತ್ತು. ಡಾಕ್ಟರು ನೋಡುವ ಸಮಯ ಮುಗಿದೇ ಹೋಗಿತ್ತು.

ಮತ್ತೊಂದು ದಿನ ಗೊತ್ತುಮಾಡೋಣ ಎಂದು ಸೊಸೆ ಹೇಳಿದರೆ ಅಜ್ಜಿ ಒಪ್ಪಲಿಲ್ಲ. "ನಂಗೆ ಬ್ಯಾಡ. ಕಣ್ಣು ಹೋದ್ರೆ ಹೋಗ್ಲಿ. ಆ ಸ್ಟ್ಯಾಂಡಿನಲ್ಲಿ ಹೋಗಿ ನಿಲ್ಲೂಕೆ ನನ್ನಿಂದ ಆಗೂದಿಲ್ಲ" ಎಂದರು.

ಸಹೋದರಿಯರೇ, ಈ ಕತೆಯಲ್ಲಿ ಕೆಟ್ಟವರು ಯಾರೂ ಇಲ್ಲ. ಹುಡುಗ ಸುಳ್ಳು ಹೇಳಲಿಲ್ಲ. ಕಂಡಕ್ಟರು ಬೈಯಲಿಲ್ಲ. ಬಸ್ಸೂ ಇತ್ತು, ಆಸ್ಪತ್ರೆಯೂ ಇತ್ತು, ಚಿಕಿತ್ಸೆಯೂ ಇತ್ತು. ನಡುವೆ ಇಪ್ಪತ್ತು ಹೆಜ್ಜೆಯ ದಾರಿ ಮಾತ್ರ ಇರಲಿಲ್ಲ. ಆ ಇಪ್ಪತ್ತು ಹೆಜ್ಜೆಗೆ ಒಂದು ಕಣ್ಣು ಹೋಗುವ ಹಾಗಾಯಿತು.

2. ಕೇಳುವುದು ತಪ್ಪಲ್ಲ, ಆದರೆ...

"ಬಾಯಿದ್ದವನು ಬದುಕಿದ" ಎಂದು ನಾವೇ ಹೇಳುತ್ತೇವೆ. ಕೇಳಿಕೊಂಡು ಹೋದರೆ ಆಯಿತಲ್ಲ, ಇದಕ್ಕೆ ಪಾಠ ಯಾಕೆ ಎಂದು ಕೆಲವರಿಗೆ ಅನಿಸಬಹುದು. ಕೇಳುವುದು ತಪ್ಪಲ್ಲ. ಆದರೆ ಹೆಜ್ಜೆ ಹೆಜ್ಜೆಗೂ ಕೇಳಲೇಬೇಕಾದವರ ಸ್ಥಿತಿ ಯೋಚಿಸಿ. ಬಸ್ಸು ಯಾವುದು, ಕೂರುವ ಜಾಗ ಎಲ್ಲಿ, ಶೌಚಾಲಯ ಎಲ್ಲಿ, ಕುಡಿಯುವ ನೀರು ಎಲ್ಲಿ – ಎಲ್ಲವನ್ನೂ ಅಪರಿಚಿತರ ಬಳಿ ಕೇಳಬೇಕು. ಹೆಂಗಸರಿಗೆ ಶೌಚಾಲಯ ಎಲ್ಲಿ ಎಂದು ಗಂಡಸರ ಬಳಿ ಕೇಳಲು ನಾಚಿಕೆ. ಕಿವಿ ಕೇಳದವರು ಕೇಳಿದರೂ ಉತ್ತರ ಕೇಳಿಸದು. ಮಾತು ಬಾರದವರು ಕೇಳುವುದೇ ಹೇಗೆ? ಕಣ್ಣು ಕಾಣದವರಿಗೆ ಎದುರಿಗೆ ಯಾರಾದರೂ ಇದ್ದಾರೋ ಇಲ್ಲವೋ ಅದೇ ಗೊತ್ತಾಗದು.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ನಮ್ಮ ರಾಜ್ಯದ ಮಹಿಳೆಯರಿಗೆ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೇಟಿನ ದುಡ್ಡು ಕೊಡಬೇಕಾಗಿಲ್ಲ. ದುಡ್ಡಿನ ಅಡ್ಡಿ ಹೋಯಿತು. ಆದರೆ ಬಸ್ಸು ಯಾವುದೆಂದು ತಿಳಿಯದ ಅಜ್ಜಿಗೆ ಉಚಿತ ಟಿಕೇಟಿನಿಂದ ಏನು ಉಪಯೋಗ?

2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ವಿಕಲಚೇತನರಿದ್ದರು. ನಮ್ಮ ಕರ್ನಾಟಕದಲ್ಲಿ 13.24 ಲಕ್ಷ. ಅರವತ್ತು ದಾಟಿದವರು ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು. ಇದು ಯಾರೋ ನಾಲ್ಕು ಜನರ ಕಷ್ಟ ಅಲ್ಲ. ಬಸುರಿ ಹೆಂಗಸು, ಕಂಕುಳಲ್ಲಿ ಮಗು ಇದ್ದವಳು, ಕಾಲು ಮುರಿದು ಕಟ್ಟು ಹಾಕಿಸಿಕೊಂಡವನು, ಊರಿಗೆ ಹೊಸಬ – ಇವರನ್ನೂ ಸೇರಿಸಿದರೆ ಲೆಕ್ಕ ಇನ್ನೂ ದೊಡ್ಡದು. ಇಂದು ಬಿರಬಿರನೆ ನಡೆಯುವ ನಾವೂ ನಾಳೆ ಆ ಸಾಲಿಗೇ ಸೇರುವವರು.

3. ದಾರಿ ಹೇಳುವ ಐದು ಬಗೆ

ಒಳ್ಳೆಯ ನಿಲ್ದಾಣದಲ್ಲಿ ದಾರಿ ತಾನೇ ಮಾತಾಡುತ್ತದೆ. ಒಂದೇ ಬಗೆಯಲ್ಲಿ ಹೇಳಿದರೆ ಸಾಲದು. ಒಬ್ಬರಿಗೆ ಕಂಡದ್ದು ಇನ್ನೊಬ್ಬರಿಗೆ ಕಾಣದು, ಒಬ್ಬರಿಗೆ ಕೇಳಿದ್ದು ಇನ್ನೊಬ್ಬರಿಗೆ ಕೇಳದು. ಆದ್ದರಿಂದ ಐದು ಬಗೆಯಲ್ಲಿ ಹೇಳಬೇಕು: ಅಕ್ಷರ, ಚಿತ್ರ, ಬಣ್ಣ, ದನಿ, ನೆಲ.

ಅಕ್ಷರ: ಫಲಕ ಇದ್ದರೆ ಸಾಲದು, ಓದಲು ಬರುವಂತೆ ಇರಬೇಕು. ಹತ್ತು ಅಡಿ ದೂರದಿಂದ ಓದಲು ಅಕ್ಷರ ಒಂದು ಇಂಚಾದರೂ ಎತ್ತರ ಇರಬೇಕು ಎಂಬುದು ಫಲಕ ಬರೆಯುವವರು ಇಟ್ಟುಕೊಳ್ಳುವ ಒಂದು ಲೆಕ್ಕ. ಮೂವತ್ತು ಅಡಿಗೆ ಮೂರು ಇಂಚು. ಮುಪ್ಪಿನ ಕಣ್ಣಿಗೆ ಇದಕ್ಕಿಂತ ದೊಡ್ಡದು ಬೇಕು. ವೇಳಾಪಟ್ಟಿಯನ್ನು ಗೋಡೆಯ ಮೇಲ್ತುದಿಯಲ್ಲಿ ಸಣ್ಣಕ್ಷರದಲ್ಲಿ ಬರೆದರೆ ಅದು ಇದ್ದೂ ಇಲ್ಲದ ಹಾಗೆ. ಫಲಕದ ಮೇಲೆ ಜಾಹೀರಾತು ಅಂಟಿಸಿದರೂ ಅಷ್ಟೇ.

ಚಿತ್ರ: ಓದಲು ಬಾರದವರು ದಡ್ಡರಲ್ಲ. ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಅವರು ಶಾಲೆಗೆ ಹೋದವರಲ್ಲ. ಆದರೆ ಕಾಡಿನ ಗಿಡ, ಬೀಜಗಳ ಬಗ್ಗೆ ಅವರಿಗಿದ್ದ ತಿಳಿವಳಿಕೆಗೆ ಪದ್ಮಶ್ರೀ ಬಂತು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಎಲೆ ನೋಡಿ ಗಿಡ ಹೇಳುವ ಇಂಥ ತಾಯಂದಿರು ನಮ್ಮ ತಾಲೂಕುಗಳಲ್ಲಿ ಇನ್ನೂ ಎಷ್ಟೋ ಜನ ಇದ್ದಾರೆ. ಅವರಿಗೆ ಗುರುತು ಬೇಕು, ಅಕ್ಷರವೇ ಆಗಬೇಕೆಂದಿಲ್ಲ. ಮೆಕ್ಸಿಕೋ ದೇಶದ ರಾಜಧಾನಿಯಲ್ಲಿ 1969ರಲ್ಲಿ ಮೆಟ್ರೋ ರೈಲು ಶುರುವಾದಾಗ ಪ್ರತಿ ನಿಲ್ದಾಣಕ್ಕೂ ಒಂದು ಚಿತ್ರ ಇಟ್ಟರು. ಓದಲು ಬಾರದವರೂ ಆ ಚಿತ್ರ ನೋಡಿ ಇಳಿಯುತ್ತಾರೆ. ನಮ್ಮಲ್ಲೂ ಹೀಗೆ ಮಾಡಬಹುದು. ಅಂಕೋಲೆಗೆ 2023ರಲ್ಲಿ ಭೌಗೋಳಿಕ ಗುರುತು ಪಡೆದ ಕರಿ ಈಶಾಡ ಮಾವಿನಹಣ್ಣು, ಕಾರವಾರಕ್ಕೆ ದೀಪಸ್ತಂಭ, ಕುಮಟೆ ಬದಿಗೆ ಯಾಣದ ಬಂಡೆ, ಯಲ್ಲಾಪುರ ಬದಿಗೆ ಜಲಪಾತ! ನಿಮ್ಮ ಸಂಘದವರು ಇನ್ನೂ ಚೆಂದದ ಗುರುತು ಹೇಳಬಹುದು.

ಬಣ್ಣ: ರೈಲ್ವೆ ಸ್ಟೇಶನ್ನಿನ ಹೆಸರಿನ ಬೋರ್ಡು ನೆನಪಿಸಿಕೊಳ್ಳಿ. ಹಳದಿ ಹಿನ್ನೆಲೆ, ಕಪ್ಪು ಅಕ್ಷರ. ಮಂದ ಕಣ್ಣಿಗೂ ದೂರದಿಂದ ಕಾಣುತ್ತದೆ. ತಿಳಿ ಬಣ್ಣದ ಮೇಲೆ ತಿಳಿ ಬಣ್ಣ, ಮಿರಮಿರ ಹೊಳೆಯುವ ಸ್ಟೀಲಿನ ಮೇಲೆ ಅಕ್ಷರ – ಇವು ನೋಡಲು ಚೆಂದ, ಓದಲು ಕಷ್ಟ. ಪೊರೆ ಬಂದ ಕಣ್ಣಿಗೆ ಹೊಳಪು ಇನ್ನೂ ಕುಕ್ಕುತ್ತದೆ. ಮೆಟ್ಟಿಲಿನ ಅಂಚಿಗೂ ಹೀಗೇ. ಬೂದು ಸಿಮೆಂಟಿನ ಮೆಟ್ಟಿಲಲ್ಲಿ ಅಂಚು ಯಾವುದು, ನೆಲ ಯಾವುದು ಎಂದು ಮುದುಕರಿಗೆ ತಿಳಿಯದು. ಅಂಚಿಗೆ ಒಂದು ಹಳದಿ ಪಟ್ಟಿ ಬಳಿದರೆ ಎಷ್ಟೋ ಸೊಂಟ ಉಳಿಯುತ್ತದೆ.

ದಿಕ್ಕಿಗೊಂದು ಬಣ್ಣ ಇಡಬಹುದು. ಅಂಕೋಲೆಯಿಂದ ಮುಖ್ಯವಾಗಿ ಮೂರು ದಿಕ್ಕು: ಕಾರವಾರ, ಕುಮಟಾ, ಯಲ್ಲಾಪುರ–ಹುಬ್ಬಳ್ಳಿ. ಕಾರವಾರದಿಂದಲೂ ಗೋವಾ ಬದಿ, ಅಂಕೋಲಾ ಬದಿ, ಕದ್ರಾ–ಕೈಗಾ ಬದಿ ಎಂದು ಮೂರು. ಮೂರು ಬಣ್ಣ ಸಾಕು. ಆದರೆ ಬಣ್ಣ ಒಂದನ್ನೇ ನಂಬಬಾರದು. ಕೆಲವರಿಗೆ ಕೆಂಪು-ಹಸಿರು ಬೇರೆ ಬೇರೆಯಾಗಿ ಕಾಣುವುದಿಲ್ಲ. ಬಣ್ಣದ ಜೊತೆ ಚಿತ್ರವೂ ಅಂಕಣದ ಸಂಖ್ಯೆಯೂ ಇರಬೇಕು.

ದನಿ: ಕಣ್ಣು ಕಾಣದವರಿಗೆ ಮೈಕೇ ಫಲಕ. ಯಾವ ಬಸ್ಸು, ಯಾವ ಅಂಕಣ, ಎಷ್ಟು ಹೊತ್ತಿಗೆ ಎಂದು ನಿಧಾನವಾಗಿ ಎರಡು ಸಲ ಹೇಳಬೇಕು. ನಮ್ಮ ಕರಾವಳಿಯಲ್ಲಿ ಇದಕ್ಕೊಂದು ಬೇರೆ ತೊಡಕು. ಆಷಾಢದ ಮಳೆ ತಗಡಿನ ಮೇಲೆ ಬಾರಿಸುವಾಗ ಮೈಕಿನ ದನಿ ಕೇಳುವುದೇ ಇಲ್ಲ. ಒಂದೇ ದೊಡ್ಡ ಸ್ಪೀಕರಿನ ಬದಲು ಅಂಕಣ ಅಂಕಣಕ್ಕೂ ಸಣ್ಣ ಸ್ಪೀಕರು ಇದ್ದರೆ ಒಳ್ಳೆಯದು. ಕಿವಿ ಕೇಳದವರಿಗೆ ಮೈಕಿನಲ್ಲಿ ಹೇಳಿದ್ದೇ ಫಲಕದಲ್ಲೂ ಕಾಣಬೇಕು.

ಮೈಸೂರಿನಲ್ಲಿ 2024ರಲ್ಲಿ ನಗರ ಸಾರಿಗೆ ಬಸ್ಸುಗಳಲ್ಲಿ 'ಧ್ವನಿ ಸ್ಪಂದನ' ಎಂಬ ವ್ಯವಸ್ಥೆ ಬಂತು. ಕಣ್ಣು ಕಾಣದವರ ಕೈಯಲ್ಲಿ ಒಂದು ಸಣ್ಣ ಯಂತ್ರ. ಬಸ್ಸು ಬಂದಾಗ ಗುಂಡಿ ಒತ್ತಿದರೆ ಬಸ್ಸೇ ತನ್ನ ಮಾರ್ಗವನ್ನು ಕೂಗಿ ಹೇಳುತ್ತದೆ. ಬಾಗಿಲ ಹತ್ತಿರದ ಸ್ಪೀಕರಿನಿಂದ ದನಿ ಬರುವುದರಿಂದ ಆ ದನಿ ಹಿಡಿದು ಬಾಗಿಲಿಗೇ ಹೋಗಬಹುದು. ಯಾರನ್ನೂ ಕೇಳಬೇಕಾಗಿಲ್ಲ. ಮೈಸೂರಿನ ರೈಲು ನಿಲ್ದಾಣದಲ್ಲಿ ಬ್ರೈಲ್ ಫಲಕಗಳನ್ನೂ ಬೆರಳಿನಿಂದ ಮುಟ್ಟಿ ತಿಳಿಯುವ ನಕ್ಷೆಯನ್ನೂ ಹಾಕಿದ್ದಾರೆ. ನಮ್ಮದೇ ರಾಜ್ಯದಲ್ಲಿ ಆಗಿದೆ ಎಂದ ಮೇಲೆ ನಮ್ಮ ಜಿಲ್ಲೆಯಲ್ಲೂ ಆಗಬಹುದು.

ನೆಲ: ದೊಡ್ಡ ಸ್ಟೇಶನ್ನುಗಳ ನೆಲದಲ್ಲಿ ಹಳದಿ ಉಬ್ಬು ಟೈಲ್ಸ್ ನೀವು ನೋಡಿರಬಹುದು. ಚೆಂದಕ್ಕೆ ಹಾಕಿದ್ದು ಎಂದು ಹೆಚ್ಚಿನವರು ತಿಳಿದಿದ್ದಾರೆ. ಅದು ಕಣ್ಣು ಕಾಣದವರ ದಾರಿ. ಜಪಾನಿನ ಸೇಯಿಚಿ ಮಿಯಾಕೆ ಎಂಬವರು 1965ರಲ್ಲಿ ಇದನ್ನು ರೂಪಿಸಿದರು. 1967ರಲ್ಲಿ ಒಕಾಯಾಮ ಎಂಬ ಊರಿನಲ್ಲಿ ಅಂಧರ ಶಾಲೆಯ ಹತ್ತಿರ ಮೊದಲು ಹಾಕಿದರು. ಅದರಲ್ಲಿ ಎರಡು ಬಗೆ. ಉದ್ದ ಗೆರೆ ಇದ್ದರೆ "ಮುಂದೆ ನಡೆ" ಎಂದು ಅರ್ಥ. ದುಂಡು ಗುಬುಟು ಇದ್ದರೆ "ನಿಲ್ಲು, ಎಚ್ಚರ" ಎಂದು ಅರ್ಥ – ಮೆಟ್ಟಿಲೋ, ತಿರುವೋ, ಪ್ಲಾಟ್‌ಫಾರಮ್ಮಿನ ಅಂಚೋ ಬಂತು ಎಂದು. ಕೋಲಿಗೂ ಪಾದಕ್ಕೂ ಅದು ತಿಳಿಯುತ್ತದೆ.

ಇಲ್ಲಿ ಒಂದು ಮಾತು ನಮಗೇ ಹೇಳಿಕೊಳ್ಳಬೇಕು. ಆ ಹಳದಿ ಪಟ್ಟಿಯ ಮೇಲೆ ಮೀನಿನ ಬುಟ್ಟಿ, ಹೂವಿನ ಬುಟ್ಟಿ, ಚೀಲ ಇಟ್ಟು ಕೂರುವವರು ಯಾರು? ನಾವೇ. ಗೊತ್ತಿಲ್ಲದೆ ಮಾಡಿದ ತಪ್ಪು. ಇಂದಿನಿಂದ ಗೊತ್ತಾಯಿತು.

ಗಾಲಿಕುರ್ಚಿಯವರಿಗೆ ನೆಲ ಎಂದರೆ ಇಳಿಜಾರು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಇದಕ್ಕಿಂತ ಕಡಿದಾಗಿದ್ದರೆ ಅದು ಹೆಸರಿಗೆ ಮಾತ್ರ. ಹಿಡಿದುಕೊಳ್ಳಲು ಕಂಬಿ ಬೇಕು. ಇಳಿಜಾರು ಕಟ್ಟಡದ ಹಿಂದೆ ಎಲ್ಲೋ ಇದ್ದು, ಅದು ಅಲ್ಲಿದೆ ಎಂದು ಮುಂದೆ ಫಲಕ ಇಲ್ಲದಿದ್ದರೆ ಇದ್ದೂ ಉಪಯೋಗವಿಲ್ಲ.

4. ರೈಲು ಹಿಡಿಯುವಾಗ

ಕೊಂಕಣ ರೈಲ್ವೆಯ ಪೂರ್ತಿ ಮಾರ್ಗ 1998ರ ಜನವರಿ 26ರಂದು ತೆರೆಯಿತು. ಮಂಗಳೂರು, ಮಡಗಾಂವ, ಮುಂಬೈ ನಮಗೆ ಹತ್ತಿರವಾದವು. ಆದರೆ ಕಾರವಾರದ ಸ್ಟೇಶನ್ ಇರುವುದು ಪೇಟೆಯಲ್ಲಲ್ಲ, ಶಿರವಾಡದಲ್ಲಿ. ಅಂಕೋಲೆಯದೂ ಪೇಟೆಯಿಂದ ಹೊರಗೆ. ಹಾಗಾಗಿ ದಾರಿ ತೋರುವ ಕೆಲಸ ಸ್ಟೇಶನ್ನಿನ ಬಾಗಿಲಲ್ಲಿ ಅಲ್ಲ, ಬಸ್ ಸ್ಟ್ಯಾಂಡಿನಲ್ಲೇ ಶುರುವಾಗಬೇಕು. ಸ್ಟೇಶನ್ನಿಗೆ ಹೋಗುವ ಬಸ್ಸು ಅಥವಾ ರಿಕ್ಷಾ ಎಲ್ಲಿ ಸಿಗುತ್ತದೆ ಎಂಬ ಫಲಕ ಅಲ್ಲಿ ಬೇಕು.

ರೈಲಿನಲ್ಲಿ ಇನ್ನೂ ಎರಡು ತೊಡಕು. ಒಂದು, ರೈಲು ಸಣ್ಣ ಸ್ಟೇಶನ್ನಿನಲ್ಲಿ ನಿಲ್ಲುವುದು ಒಂದೆರಡು ನಿಮಿಷ. ನಮ್ಮ ಡಬ್ಬಿ ಎಲ್ಲಿ ನಿಲ್ಲುತ್ತದೆ ಎಂದು ಮೊದಲೇ ತಿಳಿಯದಿದ್ದರೆ ಮುದುಕರು ಓಡಲಾರರು. ಟಿಕೇಟು ತೆಗೆಯುವಾಗಲೇ ಡಬ್ಬಿ ಎಲ್ಲಿ ಬರುತ್ತದೆ ಎಂದು ಸ್ಟೇಶನ್ ಮಾಸ್ತರರನ್ನು ಕೇಳಿ, ಅಲ್ಲೇ ಹೋಗಿ ಕೂರಿ. ವಿಕಲಚೇತನರ ಡಬ್ಬಿ ಎಲ್ಲಿ ಎಂದೂ ಕೇಳಿ. ಎರಡು, ಮಳೆಗಾಲಕ್ಕೆ ಕೊಂಕಣ ರೈಲ್ವೆಯ ವೇಳಾಪಟ್ಟಿ ಬದಲಾಗುತ್ತದೆ. ಬೇಸಗೆಯ ಸಮಯ ನಂಬಿ ಹೋಗಬೇಡಿ. 139ಕ್ಕೆ ಫೋನು ಮಾಡಿದರೆ ರೈಲಿನ ಸಮಯ ತಿಳಿಯುತ್ತದೆ. ದೂರನ್ನೂ ಅಲ್ಲೇ ಹೇಳಬಹುದು.

5. ಇದು ದಯೆ ಅಲ್ಲ, ಹಕ್ಕು

1995ರಲ್ಲೇ ಅಂಗವಿಕಲರ ಕಾಯ್ದೆ ಬಂದು, ಸಾರಿಗೆಯಲ್ಲಿ, ರಸ್ತೆಯಲ್ಲಿ, ಕಟ್ಟಡದಲ್ಲಿ ಅವರಿಗೆ ಅನುಕೂಲ ಮಾಡಬೇಕು ಎಂದು ಹೇಳಿತ್ತು. ಅದರ ಬದಲು 2016ರಲ್ಲಿ ವಿಕಲಚೇತನರ ಹಕ್ಕುಗಳ ಕಾಯ್ದೆ ಬಂತು. 2017ರ ಏಪ್ರಿಲ್ 19ರಿಂದ ಜಾರಿಯಾಯಿತು. ಅದರ 41ನೇ ಕಲಮು ಬಸ್ ನಿಲ್ದಾಣ, ರೈಲು ನಿಲ್ದಾಣಗಳನ್ನು ಹೆಸರಿಸಿಯೇ ಹೇಳುತ್ತದೆ. ಅಲ್ಲಿನ ವಾಹನ ನಿಲ್ಲಿಸುವ ಜಾಗ, ಶೌಚಾಲಯ, ಟಿಕೇಟು ಕೌಂಟರು ವಿಕಲಚೇತನರಿಗೆ ಬಳಸಲು ಬರುವಂತಿರಬೇಕು. 45ನೇ ಕಲಮಿನ ಪ್ರಕಾರ, ಆಗಲೇ ಇದ್ದ ಸಾರ್ವಜನಿಕ ಕಟ್ಟಡಗಳನ್ನು ನಿಯಮ ಬಂದ ಐದು ವರ್ಷದೊಳಗೆ ಸರಿಪಡಿಸಬೇಕಿತ್ತು. ನಿಯಮ ಬಂದದ್ದು 2017ರ ಜೂನಿನಲ್ಲಿ. ಅಂದರೆ ಗಡುವು 2022ರ ಜೂನಿಗೇ ಮುಗಿದಿದೆ.

ಮತ್ತೊಂದು ಮುಖ್ಯ ಸಂಗತಿ. ಸ್ವತಃ ದೃಷ್ಟಿದೋಷವಿರುವ ರಾಜೀವ್ ರಾತೂರಿ ಎಂಬವರು 2005ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿದ್ದರು. 2024ರ ನವೆಂಬರ್ 8ರಂದು ಕೋರ್ಟು ಒಂದು ತೀರ್ಪು ಕೊಟ್ಟಿತು. ಅನುಕೂಲಗಳ ಬಗೆಗಿನ ಮಾನದಂಡಗಳು ಬರೀ ಸಲಹೆ ಆಗಿದ್ದರೆ ಸಾಲದು, ಕಡ್ಡಾಯ ಆಗಬೇಕು, ಅದಕ್ಕೆ ಮೂರು ತಿಂಗಳಲ್ಲಿ ನಿಯಮ ಮಾಡಿ ಎಂದು ಕೇಂದ್ರ ಸರಕಾರಕ್ಕೆ ಹೇಳಿತು. ಒಬ್ಬ ಮನುಷ್ಯ ಹತ್ತೊಂಬತ್ತು ವರ್ಷ ಬಿಡದೆ ಕೇಳಿದ. ನಮ್ಮ ಸಂಘ ಒಂದು ಅರ್ಜಿ ಕೊಟ್ಟು ಆರು ತಿಂಗಳು ಬಿಡದೆ ಕೇಳಲು ಆಗದೇ?

6. ನಮ್ಮ ಸಂಘ ಏನು ಮಾಡಬಹುದು?

ಮೊದಲ ಹೆಜ್ಜೆ – ನಡೆದು ನೋಡುವುದು. ಸಂಘದ ನಾಲ್ಕೈದು ಜನ ಒಂದು ದಿನ ನಿಮ್ಮ ಹತ್ತಿರದ ಬಸ್ ಸ್ಟ್ಯಾಂಡಿಗೆ ಹೋಗಿ. ಜೊತೆಗೆ ಒಬ್ಬ ಹಿರಿಯರನ್ನೂ ಒಬ್ಬ ವಿಕಲಚೇತನರನ್ನೂ ಕರೆದುಕೊಂಡು ಹೋಗಿ. ಅವರು ಮುಂದೆ ನಡೆಯಲಿ, ನಾವು ಹಿಂದೆ. ನಾವು ಬಾಯಿ ಬಿಡಬಾರದು. ಅವರು ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಎಡವುತ್ತಾರೆ, ಎಲ್ಲಿ ತಿರುಗಿ ನೋಡುತ್ತಾರೆ ಎಂದು ಬರೆದುಕೊಳ್ಳಬೇಕು.

ಮೊದಲು ಹೇಳಿದ ಅಜ್ಜಿಯನ್ನೇ ನಾವು ಹೀಗೆ ಕರೆದುಕೊಂಡು ಹೋಗಿದ್ದೆವು. ಬರಲು ಒಪ್ಪಿಸುವುದೇ ಕಷ್ಟವಾಯಿತು. ಆದರೆ ಅವರಿಂದ ನಾವು ಕಲಿತದ್ದು ಬಹಳ. ಅವರು ದಾರಿ ಹಿಡಿಯುವುದು ಕ್ಯಾಂಟೀನಿನ ಕರಿದ ಎಣ್ಣೆಯ ವಾಸನೆ ಮತ್ತು ಕಂಟ್ರೋಲರ ಮೈಕಿನ ದನಿಯಿಂದ! "ಮೈಕು ಬಂದ್ ಇದ್ದ ದಿನ ನಂಗೆ ಸ್ಟ್ಯಾಂಡೇ ಕತ್ತಲೆ" ಎಂದರು. ಅವರು ಬಸ್ಸು ತಪ್ಪಿದ ದಿನ ಮೈಕು ಇರಲಿಲ್ಲವಂತೆ. ಇದು ನಮಗೆ ಯಾರಿಗೂ ಹೊಳೆದಿರಲಿಲ್ಲ.

ನೋಡಬೇಕಾದ ಪಟ್ಟಿ:
• ರಸ್ತೆಯಿಂದ ಒಳಗೆ ಬರಲು ಮೆಟ್ಟಿಲಿಲ್ಲದ ದಾರಿ ಇದೆಯೇ? ಅದರ ಗುರುತು ಮುಂಭಾಗದಲ್ಲಿ ಕಾಣುತ್ತದೆಯೇ?
• ಅಂಕಣಗಳಿಗೆ ಸಂಖ್ಯೆ ಮತ್ತು ಊರಿನ ಹೆಸರು ದೊಡ್ಡದಾಗಿ ಬರೆದಿದೆಯೇ? ಬಸ್ಸು ಅದೇ ಅಂಕಣದಲ್ಲಿ ನಿಲ್ಲುತ್ತದೆಯೇ?
• ವಿಚಾರಣೆ ಕೌಂಟರು ಎಲ್ಲಿದೆ ಎಂದು ಬಾಗಿಲಲ್ಲೇ ತಿಳಿಯುತ್ತದೆಯೇ? ಗಾಲಿಕುರ್ಚಿಯಲ್ಲಿ ಕೂತವರಿಗೆ ಕಿಟಕಿ ಎಟುಕುತ್ತದೆಯೇ?
• ಶೌಚಾಲಯ, ನೀರು, ಕೂರುವ ಜಾಗಕ್ಕೆ ಚಿತ್ರದ ಫಲಕ ಇದೆಯೇ? ವಿಕಲಚೇತನರ ಶೌಚಾಲಯ ಇದ್ದರೆ ಅದಕ್ಕೆ ಬೀಗ ಹಾಕಿದೆಯೇ?
• ಮೈಕು ನಡೆಯುತ್ತದೆಯೇ? ಮಾತು ತಿಳಿಯುತ್ತದೆಯೇ?
• ಮೆಟ್ಟಿಲಿನ ಅಂಚಿಗೆ ಬಣ್ಣ ಇದೆಯೇ? ಹಿಡಿಯಲು ಕಂಬಿ ಇದೆಯೇ? ಮಳೆಗೆ ನೆಲ ಜಾರುತ್ತದೆಯೇ?
• ಸಂಜೆ ಕತ್ತಲಾದ ಮೇಲೆ ಫಲಕಗಳ ಮೇಲೆ ಬೆಳಕು ಬೀಳುತ್ತದೆಯೇ?

ಎರಡನೇ ಹೆಜ್ಜೆ – ಮೂರು ಬೇಡಿಕೆ ಆರಿಸುವುದು. ಎಲ್ಲವನ್ನೂ ಒಟ್ಟಿಗೆ ಕೇಳಿದರೆ ಒಂದೂ ಆಗದು. ಖರ್ಚು ಕಡಿಮೆ, ಉಪಯೋಗ ಹೆಚ್ಚು ಇರುವ ಮೂರನ್ನು ಮೊದಲು ಕೇಳಿ. ಬಣ್ಣ ಬಳಿಯುವುದು, ಫಲಕ ಬರೆಸುವುದು, ಮೈಕು ಸರಿಮಾಡುವುದು – ಇವಕ್ಕೆ ದೊಡ್ಡ ಯೋಜನೆ ಬೇಕಾಗಿಲ್ಲ. ಇಳಿಜಾರು, ಉಬ್ಬು ಟೈಲ್ಸ್ ಎರಡನೇ ಸಲಕ್ಕೆ.

ಮೂರನೇ ಹೆಜ್ಜೆ – ಮನವಿ ಕೊಡುವುದು. ನಮ್ಮ ಸರಕಾರಿ ಬಸ್ಸುಗಳು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಗೆ ಸೇರಿದವು. ಮೊದಲು ನಿಮ್ಮ ತಾಲೂಕಿನ ಘಟಕ ವ್ಯವಸ್ಥಾಪಕರಿಗೆ ಕೊಡಿ. ಅಲ್ಲಿ ಆಗದಿದ್ದರೆ ಶಿರಸಿಯಲ್ಲಿರುವ ವಿಭಾಗೀಯ ಕಚೇರಿಗೆ. ಒಂದು ಪ್ರತಿಯನ್ನು ಜಿಲ್ಲೆಯ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಗೂ ಕೊಡಿ. ನಿಮ್ಮ ಪಂಚಾಯತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದಕ್ಕೆ ಸಹಾಯ ಮಾಡುತ್ತಾರೆ. ಪ್ರತಿ ಸಲವೂ ಸ್ವೀಕೃತಿಯ ಸಹಿ, ಮೊಹರು ಹಾಕಿಸಿಕೊಂಡು ಬನ್ನಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ "ನಮ್ಮ ಮನವಿ ಏನಾಯಿತು?" ಎಂದು ಕೇಳಬಹುದು. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು.

ಮನವಿಯ ಮಾದರಿ:

"ಮಾನ್ಯ ಘಟಕ ವ್ಯವಸ್ಥಾಪಕರಿಗೆ,
ನಾವು ______ ಗ್ರಾಮದ ______ ಮಹಿಳಾ ಸ್ವಸಹಾಯ ಸಂಘದ ಸದಸ್ಯೆಯರು. ದಿನಾಂಕ ______ ರಂದು ಹಿರಿಯರು ಮತ್ತು ವಿಕಲಚೇತನರ ಜೊತೆ ಬಸ್ ನಿಲ್ದಾಣವನ್ನು ನಡೆದು ನೋಡಿದೆವು. ಅವರಿಗೆ ದಾರಿ ತಿಳಿಯಲು ಈ ಕೆಳಗಿನ ತೊಂದರೆಗಳು ಕಂಡುಬಂದವು: ______. ಆದ್ದರಿಂದ 1) ಅಂಕಣಗಳಿಗೆ ದೊಡ್ಡ ಅಕ್ಷರ ಮತ್ತು ಚಿತ್ರದ ಫಲಕ, 2) ಮೆಟ್ಟಿಲ ಅಂಚಿಗೆ ಹಳದಿ ಬಣ್ಣ, 3) ದಿನವೂ ನಡೆಯುವ ಮೈಕಿನ ವ್ಯವಸ್ಥೆ ಮಾಡಿಸಿಕೊಡಬೇಕಾಗಿ ಕೋರುತ್ತೇವೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 41 ಮತ್ತು 45ನೇ ಕಲಮುಗಳನ್ನು ತಮ್ಮ ಗಮನಕ್ಕೆ ತರುತ್ತೇವೆ."

ಮನವಿ ಕೊಡುವಾಗ ಜಗಳಕ್ಕೆ ಹೋದ ಹಾಗೆ ಹೋಗಬೇಡಿ. ಕಂಟ್ರೋಲರಿಗೂ ದಿನಕ್ಕೆ ನೂರು ಸಲ ಅದೇ ಪ್ರಶ್ನೆಗೆ ಉತ್ತರ ಹೇಳಿ ಸಾಕಾಗಿರುತ್ತದೆ. ಫಲಕ ಬಂದರೆ ಅವರಿಗೂ ಸಲೀಸು.

7. ಇಂದಿನಿಂದಲೇ ಮಾಡಬಹುದಾದುದು

ಫಲಕ ಬರುವವರೆಗೆ ನಾವೇ ಫಲಕ. ಆದರೆ ಸಹಾಯ ಮಾಡುವುದಕ್ಕೂ ಒಂದು ಕ್ರಮ ಇದೆ.

• ಕಣ್ಣು ಕಾಣದವರ ಕೈ ಹಿಡಿದು ಎಳೆಯಬೇಡಿ. "ಸಹಾಯ ಬೇಕಾ?" ಎಂದು ಮೊದಲು ಕೇಳಿ. ಅವರು ನಮ್ಮ ಮೊಣಕೈ ಹಿಡಿಯಲಿ, ನಾವು ಅರ್ಧ ಹೆಜ್ಜೆ ಮುಂದೆ ನಡೆಯಬೇಕು. "ಈಗ ಮೆಟ್ಟಿಲು, ಹತ್ತುವುದು" ಎಂದು ಹೇಳುತ್ತ ಹೋಗಬೇಕು.
• "ಅಲ್ಲಿ", "ಆಚೆ" ಎನ್ನಬೇಡಿ. "ನಿಮ್ಮ ಬಲಕ್ಕೆ ಹತ್ತು ಹೆಜ್ಜೆ, ಎರಡನೇ ಬಸ್ಸು" ಎನ್ನಿ.
• ಕಿವಿ ಕೇಳದವರ ಹತ್ತಿರ ಕೂಗಬೇಡಿ. ಮುಖ ಎದುರಿಗಿಟ್ಟು ನಿಧಾನ ಮಾತಾಡಿ, ಇಲ್ಲವೇ ಬರೆದು ತೋರಿಸಿ.
• ಗಾಲಿಕುರ್ಚಿಯನ್ನು ಕೇಳದೆ ತಳ್ಳಬೇಡಿ.
• ಮನೆಯ ಹಿರಿಯರ ಚೀಲದಲ್ಲಿ ಒಂದು ಚೀಟಿ ಇಡಿ: ಹೋಗುವ ಊರು, ಇಳಿಯುವ ಜಾಗ, ಮನೆಯ ಫೋನ್ ನಂಬರು ದೊಡ್ಡ ಅಕ್ಷರದಲ್ಲಿ. ಹಿರಿಯರ ಸಹಾಯವಾಣಿ 14567 ಅನ್ನೂ ಬರೆದಿಡಿ.

ಆ ಅಜ್ಜಿಗೆ ಈಗ ಆಸ್ಪತ್ರೆಯಲ್ಲಿ ಮತ್ತೆ ದಿನ ಗೊತ್ತಾಗಿದೆ. ಈ ಸಲ ಸಂಘದವರೊಬ್ಬರು ಜೊತೆಗೆ ಹೋಗುತ್ತಾರೆ. ಅದು ಒಳ್ಳೆಯದೇ. ಆದರೆ ಅಜ್ಜಿ ಹೇಳಿದ ಮಾತು ನಮ್ಮ ಮನಸ್ಸಿನಲ್ಲಿ ಉಳಿದಿದೆ: "ನೀವು ಬರೂದು ಚಲೋ ಆಯ್ತು. ಆದ್ರೆ ಕಣ್ಣು ಸಮಾ ಆದ್ಮೇಲೆ ನಾ ಒಬ್ಬಳೇ ಹೋಗೂ ಹಾಗೆ ಆಗ್ಬೇಕು." ಅವರು ಕೇಳುತ್ತಿರುವುದು ಜೊತೆಗಾರರನ್ನಲ್ಲ, ದಾರಿಯನ್ನು. ಆ ದಾರಿ ಮಾಡಿಸಿಕೊಡುವುದು ನಮ್ಮ ಕೈಯಲ್ಲಿದೆ.

ಚರ್ಚೆಗೆ ಪ್ರಶ್ನೆಗಳು

1. ಪೇಟೆಗೆ ಹೋಗುವುದನ್ನು ಹೆದರಿ ಬಿಟ್ಟುಬಿಟ್ಟ ಹಿರಿಯರು ನಮ್ಮ ಕೇರಿಯಲ್ಲಿ ಯಾರಿದ್ದಾರೆ? ಅವರಿಗೆ ಏನೇನು ತಪ್ಪಿಹೋಗಿದೆ?
2. ನಾವು ಸಾಮಾನ್ಯವಾಗಿ ಹೋಗುವ ಬಸ್ ಸ್ಟ್ಯಾಂಡಿನಲ್ಲಿ ಐದು ಬಗೆಗಳಲ್ಲಿ – ಅಕ್ಷರ, ಚಿತ್ರ, ಬಣ್ಣ, ದನಿ, ನೆಲ – ಯಾವುದು ಇದೆ, ಯಾವುದು ಇಲ್ಲ?
3. ನಮ್ಮ ಊರಿಗೆ ಒಂದು ಚಿತ್ರ ಆರಿಸಬೇಕಾದರೆ ಯಾವುದನ್ನು ಆರಿಸುತ್ತೀರಿ? ಯಾಕೆ?
4. ಬೇರೆಯವರ ದಾರಿಗೆ ನಾವೇ ಅಡ್ಡಿಯಾದ ಸಂದರ್ಭ ಇದೆಯೇ?
5. ನಡೆದು ನೋಡಲು ಯಾವ ದಿನ ಹೋಗೋಣ? ಯಾರನ್ನು ಜೊತೆಗೆ ಕರೆಯೋಣ? ನಿರ್ಧಾರವನ್ನು ಠರಾವು ಪುಸ್ತಕದಲ್ಲಿ ಬರೆಯಿರಿ.